ಉಬ್ಬಿದ ಮುಚ್ಚಳ

ಬೀದರಿನ ಮೈಲೂರಿನಲ್ಲಿ ಸತ್ಯಮ್ಮನ ಮನೆಯ ಹಿತ್ತಲು ನಾಲ್ಕು ಮಂಚ ಹಾಕುವಷ್ಟು ಅಗಲ. ಅಲ್ಲಿ ಆಕೆ ಬೆಳೆಯುವುದು ತವರಿನಿಂದ ತಂದ ಜವಾರಿ ಟಮಾಟಿ. ಕುಂಬಳದಂತೆ ಗೆರೆ ಬಿದ್ದ, ತೆಳು ಸಿಪ್ಪೆಯ ಹಣ್ಣು. ಕೊಯ್ದ ಮರುದಿನವೇ ಒಡೆಯುವುದರಿಂದ ಬಜಾರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ದೊಡ್ಡ ಹಣ್ಣೊಂದನ್ನು ಗಿಡದಲ್ಲೇ ಮಾಗಲು ಬಿಟ್ಟು ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುತ್ತಾಳೆ. ಮಿಕ್ಕಿದ್ದನ್ನು ಹೆಚ್ಚಿ, ಉಪ್ಪು ಹಚ್ಚಿ, ಮಾಳಿಗೆಯ ಮೇಲೆ ಒಣಗಿಸುತ್ತಾಳೆ.

ಈ ಸಲ ಬಿಸಿಲೇ ಬೀಳಲಿಲ್ಲ. ಹೋಳುಗಳಿಗೆ ಬೂಷ್ಟು ಹಿಡಿಯಿತು. ಔರಾದಿನಲ್ಲಿದ್ದ ಬಸುರಿ ಮಗಳು ವಿಶಾಖಾ ತವರಿನ ಟಮಾಟಿಗೆ ಬಾಯಿ ಬಿಡುತ್ತಿದ್ದಳು. ಹಾಗಾಗಿ ಸತ್ಯಮ್ಮ ಹಣ್ಣನ್ನು ಬೆಳ್ಳುಳ್ಳಿ, ಎಣ್ಣೆ ಹಾಕಿ ಬೇಯಿಸಿ ಬಾಟಲಿಗೆ ತುಂಬಿದಳು. ಮಗಳಿಗೆ ಎದೆ ಉರಿಯುತ್ತದೆಂದು ಹುಣಸೆಹಣ್ಣು ಹಾಕಲಿಲ್ಲ, ಉಪ್ಪನ್ನೂ ಕಡಿಮೆ ಮಾಡಿದಳು. ಒಂದು ಬಾಟಲಿ ಔರಾದಿಗೆ ಹೋಯಿತು. ಇನ್ನೊಂದು, ಮೊದಲು ಪಕ್ಕದ ಮನೆಯಲ್ಲಿದ್ದು ಈಗ ಭಾಲ್ಕಿ ಸೇರಿದ್ದ ನಾಹೀದಳಿಗೆ.

ಒಂದು ಬೆಳಿಗ್ಗೆ ಅಡುಗೆಮನೆಯ ಕಪಾಟಿನಲ್ಲಿ ಫಟ್ಟೆಂದು ಸದ್ದಾಯಿತು. ಒಂದು ಬಾಟಲಿಯ ಮುಚ್ಚಳ ಹಾರಿ ಕೆಂಪು ನೊರೆ ಗೋಡೆಗೆ ಸಿಡಿದಿತ್ತು. ಉಳಿದ ಬಾಟಲಿಗಳ ಮುಚ್ಚಳಗಳೂ ಉಬ್ಬಿದ್ದವು. ಎದುರು ಮನೆಯ ನರ್ಸ್ ಆಯೆಶಾ ಬಂದು ನೋಡಿದಳು.

"ಯಾರಿಗರ ಕೊಟ್ಟೀರೇನ್ರಿ ಅಮ್ಮಾ? ಇಂಥಾದು ತಿಂದ್ರ ಒಮ್ಮೊಮ್ಮಿ ಕಣ್ಣಿನ ರೆಪ್ಪಿ ಜೋಲಿ ಬೀಳ್ತಾವ, ಆಮ್ಯಾಲ ಉಸಿರೇ ನಿಲ್ತದ. ಲಗೂನ ಫೋನ್ ಮಾಡ್ರಿ."

ನಾಹೀದ ತಕ್ಷಣ ಎತ್ತಿದಳು. "ಇನ್ನಾ ತೆಗದೇ ಇಲ್ರಿ ಅಕ್ಕಾ" ಎಂದಳು. ತೆಗೆಯಲೇಬೇಡವೆಂದು ಹೇಳಿ ಸತ್ಯಮ್ಮ ಮಗಳಿಗೆ ಮಾಡಿದಳು. ವಿಶಾಖಾ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ ಮೇಲೆ ಅಳಿಯ ಅನೀಲಕುಮಾರನ ದನಿ ಕೇಳಿತು: "ಮುಂಜಾನಿಂದ ವಾಂತಿ ಮಾಡ್ಕೊಳಕತ್ತಾಳ್ರಿ ಅತ್ತಿ. ದವಾಖಾನಿಗಿ ತಂದೀವಿ."

ಸತ್ಯಮ್ಮ ಔರಾದಿನ ಬಸ್ಸು ಹತ್ತಿದಳು. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದರೂ ಬಸ್ಸು ನಿಂತೇ ಇದೆ ಎನಿಸುತ್ತಿತ್ತು. ಫೋನಿನಲ್ಲಿ ಅಳಿಯನಿಗೆ ಬಾಟಲಿಯ ಮಾತು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ದವಾಖಾನೆಯಲ್ಲಿ ವಿಶಾಖಾಳಿಗೆ ಸಲೈನ್ ಹಚ್ಚಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಅದನ್ನು ಕಂಡು ಸತ್ಯಮ್ಮನಿಗೆ ಆಯೆಶಾಳ ಮಾತೇ ನೆನಪಾಯಿತು. ಡಾಕ್ಟರು ಏನು ತಿಂದಿದ್ದಳೆಂದು ಕೇಳುತ್ತಿದ್ದರು.

"ಮನಿ ಊಟಾನೇ ರೀ, ಹೊರಗಿಂದ ಏನೂ ತಿಂದಿಲ್ಲ" ಎಂದಳು ಪಕ್ಕದಲ್ಲಿ ನಿಂತಿದ್ದ ಬೀಗತಿ, ಅಳಿಯನ ತಾಯಿ.

ಈಗ ಹೇಳಿದರೆ ಮಗಳಿಗೆ ವಿಷ ಕೊಟ್ಟವಳೆಂಬ ಮಾತು ಈ ಮನೆಯಲ್ಲಿ ಉಳಿದುಬಿಡುತ್ತದೆ. ಸುಮ್ಮನಿದ್ದರೆ? ಸತ್ಯಮ್ಮ ಡಾಕ್ಟರ ಮುಂದೆ ಬಂದು ನಿಂತಳು.

"ನಾ ಕೊಟ್ಟಿದ್ದು ತಿಂದಾಳ್ರಿ ಸಾಹೇಬ್ರ. ಟಮಾಟಿ ಬಾಟ್ಲಿ. ನಮ್ಮನಿದು ಕೆಟ್ಟು ಒಡದದ."

ಬೀಗತಿ ಹೌಹಾರಿ ತಿರುಗಿದಳು. ಡಾಕ್ಟರು ಮಾತ್ರ ಮಂಚದ ಕಡೆ ನಡೆದರು. "ಈ ಬೆರಳು ಎರಡೆರಡು ಕಾಣ್ತಾವೇನಮ್ಮಾ? ಉಗುಳು ನುಂಗಾಕ ಬರ್ತದೇನು?"

"ಒಂದೇ ಕಾಣ್ತದ್ರಿ" ಎಂದಳು ವಿಶಾಖಾ. ನಿನ್ನೆ ರೊಟ್ಟಿಗೆ ಹಚ್ಚಿಕೊಂಡು ಎರಡು ಚಮಚ ತಿಂದದ್ದಾಗಿ ಹೇಳಿದಳು. ಡಾಕ್ಟರು ಕಣ್ಣು, ಕೈ, ಉಸಿರು ನೋಡಿ, ಸದ್ಯಕ್ಕೆ ಚೆನ್ನಾಗಿದ್ದಾಳೆ, ಆದರೂ ಕೆಲವು ದಿನ ಇಲ್ಲೇ ಇರಲಿ ಎಂದರು.

ಆ ದಿನಗಳಲ್ಲಿ ಸತ್ಯಮ್ಮ ಮಗಳನ್ನು ಮಲಗಲು ಬಿಡಲಿಲ್ಲ. ರೆಪ್ಪೆ ಇಳಿದರೆ ಸಾಕು, ಭುಜ ಅಲುಗಿಸಿ ಎಬ್ಬಿಸುತ್ತಿದ್ದಳು. "ಅವ್ವಾ, ನಿದ್ದಿ ಬರ್ಲಿಕತ್ತದ, ಅಷ್ಟೇ" ಎಂದು ವಿಶಾಖಾ ಅತ್ತುಬಿಟ್ಟಳು. ಅವಳು ಅತ್ತಾಗ ಹೊಟ್ಟೆಯೊಳಗಿನ ಕೂಸು ಒದ್ದಿತೋ ಇಲ್ಲವೋ ಎಂದು ಸತ್ಯಮ್ಮನಿಗೆ ಮತ್ತೊಂದು ಹೆದರಿಕೆ.

ವಾಂತಿ ನಿಂತಿತು. ಬೇರೇನೂ ಆಗಲಿಲ್ಲ. ಕಾರಣ ಟಮಾಟಿಯೋ ಮತ್ತೊಂದೋ, ಡಾಕ್ಟರಿಗೂ ಖಚಿತವಿರಲಿಲ್ಲ. ಹೊರಡುವಾಗ ಬೀಗತಿ ಮುಖ ನೋಡದೆ ಹೇಳಿದಳು: "ಖರೇ ಹೇಳಿದ್ರಿ, ಛಲೋ ಆತು. ಆದ್ರ ಇನ್ನ ಮ್ಯಾಲ ನಮ್ಮನಿಗಿ ಬಾಟ್ಲಿ ತರಬ್ಯಾಡ್ರಿ."

ಬೀದರಿಗೆ ಮರಳಿದ ಸತ್ಯಮ್ಮ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉಳಿದ ಬಾಟಲಿಗಳನ್ನು ತೆರೆಯದೆ ಹಿತ್ತಲಾಚೆ ಆಳವಾಗಿ ಹೂಳಿದಳು. ಬೀಜವನ್ನು ಮಾತ್ರ ಎಸೆಯಲಾಗಲಿಲ್ಲ. ಸಸಿ ಮತ್ತೆ ಎದ್ದವು.

ಹೆರಿಗೆಯಾದ ಮೇಲೆ ವಿಶಾಖಾ ಫೋನಿನಲ್ಲಿ ಕೇಳಿದಳು, "ಒಣಗಿಸಿದ ಟಮಾಟಿ ಆದ್ರೂ ಕಳಸವ್ವಾ."

ಸತ್ಯಮ್ಮ ಒಪ್ಪಲಿಲ್ಲ. "ಕಳಸಂಗಿಲ್ಲ. ಕೂಸಿನ್ನ ಕರಕೊಂಡು ನೀನೇ ಬಾ. ಗಿಡದಾಗಿಂದು ಹರದು, ನನ್ನ ಮುಂದೇ ಕುಂತು ತಿನ್ನು."