ವಿರಾಬಿನ್ನಿನ ಸತ್ತ ನಾಯಿಗಳು

ಕ್ಲೆಮ್ ನಿಟ್ಟುಸಿರಿಟ್ಟು ಕುರ್ಚಿ ಬಿಟ್ಟು ಎದ್ದನೆಂದರೆ ಅವನು ನೋಡಿಕೊಳ್ಳುವ ವಿರಾಬಿನ್ ಪುರಸಭೆಯ ಕಂಪ್ಯೂಟರು ಮತ್ತೆ ಮುಷ್ಕರ ಹೂಡಿದೆ ಎಂದೇ ಲೆಕ್ಕ. ಊರಿನ ನಾಯಿಗಳ ನೋಂದಣಿಯೆಲ್ಲ ಓಬೀರಾಯನ ಕಾಲದ ಡೇಟಾಬೇಸಿನಲ್ಲಿದೆ. ಕಚೇರಿಯವರೆಲ್ಲ ಅದನ್ನು ಒಟ್ಟಿಗೆ ತೆರೆದು ಕೂತರೆ ಒಂದು ನಾಯಿಯ ಹೆಸರು ಸಿಗುವಷ್ಟರಲ್ಲಿ ಆ ನಾಯಿ ಮರಿ ಹಾಕಿರುತ್ತದೆ. ಕ್ಲೆಮ್ ಮೇಜಿಂದ ಮೇಜಿಗೆ ಅಲೆಯುತ್ತಾನೆ. "ಮುಚ್ಚೇ ಮಾರಾಯ್ತಿ ನೋಲೀನ್, ಟೀಗೆ ಹೋದಾಗ್ಲೂ ತೆರ್ದೇ ಇಟ್ಟಿರ್ತೀಯಲ್ಲ!" "ನನ್ನನ್ಯಾಕೆ ಬೈತೀಯ? ನಿನ್ನ ಡಬ್ಬ ನಮ್ಮಜ್ಜಿಗಿಂತ ಹಳೇದು!" ಅವನು ವೈರು ಅಲ್ಲಾಡಿಸುತ್ತಾನೆ, ಸರ್ವರ್ ಆರಿಸಿ ಹಚ್ಚುತ್ತಾನೆ, ತಣ್ಣಗಾದ ಮಾಂಸದ ಪೈ ಕಚ್ಚುತ್ತಾ "ನೋಡೋಣ" ಎನ್ನುತ್ತಾನೆ. ಕಾರಣ ಅವನಿಗೆ ಗೊತ್ತೇ ಇದೆ: ಸತ್ತ ನಾಯಿಗಳನ್ನು ಯಾರೂ ಎಂದೂ ಅಳಿಸಿಲ್ಲ, ಬದುಕಿರುವ ಒಂದನ್ನು ಹುಡುಕಲು ಯಂತ್ರ ಸತ್ತ ಸಾವಿರಾರನ್ನು ದಾಟಿ ಬರಬೇಕು. "ಇವತ್ತೇ ಅಳಿಸ್ತೀಯೋ, ಬೇರೆಯವ್ರನ್ನ ಕರೆಸ್ಲೋ?" ಎಂದು ಸಾಹೇಬರು ಗದರಿದರೂ ಅವನದು "ನಾಳೆ" ಎಂಬ ಒಂದೇ ಮಾತು. ಸೋಮವಾರ ಬಂತೆಂದರೆ ವೃದ್ಧಾಶ್ರಮದಿಂದ ಮರೆವಿನ ಮುದುಕಿ ಹಿಲ್ಡಾ ಫೋನ್ ಮಾಡುತ್ತಾಳೆ: "ನಮ್ಮ ಬ್ಯಾಂಜೋ ಇದ್ದಾನೇನಪ್ಪಾ?" ಅವಳ ನಾಯಿ ಬ್ಯಾಂಜೋ ಸತ್ತು ವರ್ಷಗಳೇ ಆದವು. ಸುಳ್ಳು ಹೇಳಲು ಬಾರದ ಕ್ಲೆಮ್ ಹೆಸರು ಒತ್ತಿ, ಅದು ಪರದೆಗೆ ಬರುವವರೆಗೂ ಕಾಯುತ್ತಾನೆ. "ಇದ್ದಾನೆ ಹಿಲ್ಡಾ, ಇಲ್ಲೇ ಇದ್ದಾನೆ. ಬರೋದು ಸ್ವಲ್ಪ ನಿಧಾನ, ಅಷ್ಟೇ."