ಅತ್ತೆ ಎಬ್ಬಿಸಿದ ಗೂಬೆ

ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಹಕ್ಕಿ ನೋಡುವ ಹುಚ್ಚು ಹಿಡಿದಿತ್ತು. ಕುಡಿತದ ಹುಚ್ಚಲ್ಲವಲ್ಲ ಎಂದು ನಾನು ದಿನವೂ ದೇವರಿಗೆ ಕೈಮುಗಿಯುತ್ತಿದ್ದೆ. ಗುಂಡ್ಲುಪೇಟೆಯಾಚೆ ಬೆಟ್ಟದ ಕಮರಿಯೊಂದರಲ್ಲಿ ದೊಡ್ಡ ಕೊಂಬಿನ ಗೂಬೆಯಿದೆ ಎಂದು ಯಾರೋ ಹೇಳಿದ್ದರು. ಎರಡು ಸಲ ಹೋಗಿ ಕಾಣದೆ ಬಂದಿದ್ದ ಅವರು ಮತ್ತೆ ಹೊರಟಾಗ ನನ್ನನ್ನೂ ಅತ್ತೆಯನ್ನೂ ಕರೆದರು. ಗೂಬೆ ಎಂದರೆ ಅತ್ತೆ ಯಾರನ್ನೂ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅದಕ್ಕೇ, "ಯಾವ್ದೋ ದೊಡ್ಡ ಹಕ್ಕಿ ಕಣವ್ವ" ಎಂದಷ್ಟೇ ಹೇಳಿದ್ದರು.

ಕಮರಿಯ ಅಂಚಿನಲ್ಲಿ ಬಂಡೆಯ ಮರೆಗೆ ಕೂತೆವು. ಉಸಿರೂ ಬಿಡಬೇಡಿ ಎಂದು ಯಜಮಾನರು ದುರ್ಬೀನು ಹಿಡಿದರು. ಬಿಸಿಲೇರಿದರೂ ಗೂಬೆಯ ಸುಳಿವಿಲ್ಲ. ಅಷ್ಟರಲ್ಲಿ ನೆತ್ತಿಯ ಮೇಲೆ ಗರುಡ ತೇಲಿ ಬಂತು. ಅವತ್ತು ಶನಿವಾರ ಬೇರೆ. ಅತ್ತೆ ಎದ್ದು ನಿಂತು ಕೆನ್ನೆ ತಟ್ಟಿಕೊಂಡು, "ಗೋವಿಂದಾ, ಗೋವಿಂದ!" ಎಂದು ಕೂಗಿಯೇ ಬಿಟ್ಟರು. ಇಡೀ ಕಮರಿ ಗೋವಿಂದ ಎಂದಿತು.

"ಕೆಡಿಸ್ಬುಟ್ಟಲ್ಲವ್ವಾ!" ಎಂದು ಯಜಮಾನರು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಎದುರಿನ ಬಂಡೆಯ ಬಿರುಕಿನಿಂದ ಗೂಬೆ ಹಾರಿ ಬಂದು, ಹತ್ತಿರದಲ್ಲೇ ಕೂತು, ನಮ್ಮನ್ನು ನೆಟ್ಟಗೆ ನೋಡಿತು.

"ಅಯ್ಯೋ ನಿನ್ ಮನೆ ಕಾಯ್ವಾಗ! ಗೂಬೆ ಮಕ ನೋಡಕ್ಕಾ ನನ್ನ ಇಲ್ಲೀಗಂಟ ಕರ್ಕಂಡ್ ಬಂದೆ?"

"ಸುಮ್ಕಿರವ್ವ, ಕೂಗಿ ಕರೆದೋಳು ನೀನೇ ಕಣ."

ಊರಿಗೆ ಬಂದ ಮೇಲೆ ಅತ್ತೆ ಮಗನನ್ನು ಬಾಗಿಲಾಚೆಯೇ ನಿಲ್ಲಿಸಿ ತಲೆಗೆ ತಣ್ಣೀರು ಸುರಿದರು. ಅವರು ಗಡಗಡ ನಡುಗುತ್ತಲೇ, "ಕಿತ್ತಳೆ ಬಣ್ಣದ ಕಣ್ಣು ಕಣೇ, ನೋಡಿದ್ಯಾ?" ಎಂದು ನನ್ನನ್ನು ಕೇಳುತ್ತಿದ್ದರು. ಗರುಡನಿಗೆ ಕೈಮುಗಿದಿದ್ದೆನೆಂದು ನನಗೆ ಮಾತ್ರ ಬಿಸಿನೀರು ಸಿಕ್ಕಿತು. ಅದೂ ದೇವರ ದಯೆಯೇ.