ಗಂಗಮ್ಮ ಕೇಳಿದ ಬೇರೆ ಗುಡ್ಡೆ

ನಮ್ಮ ಪವಿತ್ರ ಎಂಟೆಕ್ ಪಾಸಾದಳು! ನನ್ನ ಮೊಮ್ಮಗಳು. ನಿನ್ನೆ ತುಮಕೂರಿನ ಕಾಲೇಜಿನಲ್ಲಿ ಮೇಷ್ಟ್ರುಗಳು ಸಾಲಾಗಿ ಕೂತು ಅವಳ ಕೆಲಸವನ್ನೆಲ್ಲ ಕೆದಕಿ ಕೆದಕಿ ಕೇಳಿ, ಕೊನೆಗೆ ಎದ್ದು ಕೈ ಕುಲುಕಿದರಂತೆ. ಬೆಳಿಗ್ಗೆಯಿಂದ ಬಡವನಹಳ್ಳಿಯಲ್ಲಿ ಇದನ್ನು ಹಾಲಿನವನಿಗೆ ಹೇಳಿದೆ, ಮಧುಗಿರಿ ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಯಾರದೋ ಮನೆ ಹುಡುಕಿಕೊಂಡು ಬಂದ ಅಪರಿಚಿತನನ್ನೂ ನಿಲ್ಲಿಸಿ ಹೇಳಿದೆ. ಈಗ ನಿಮ್ಮ ಸರದಿ.

ಏನು ಓದಿದಳು ಅಂದರೆ ಮಾತ್ರ ನನಗೆ ಬಾಯಿ ಕಟ್ಟುತ್ತಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಧ್ಯಾಹ್ನ ಒಬ್ಬಟ್ಟಿನ ಸಾರಿಗೆಂದು ಹುಣಸೆಹಣ್ಣು ಕಿವುಚುತ್ತಾ ಅವಳನ್ನೇ ಕೇಳಿದೆ.

"ಫೋನಲ್ಲಿ ಕಳಿಸೋ ಮಾತು, ಫೋಟೊ ಎಲ್ಲಾ ಚೂರುಚೂರಾಗಿ ಓಡಾಡ್ತವೆ ಅಜ್ಜಿ. ಒಂದೊಂದು ಚೂರೂ ಒಂದು ಪ್ಯಾಕೆಟ್ಟು. ಯಾವ್ದು ಯಾವ ದಾರಿ ಹಿಡೀಬೇಕು ಅಂತ ನೋಡಿ ದಾಟ್ಸೋದು ರೂಟರ್ರು. ಆ ಕೆಲ್ಸಾನ ನಾನು ಮಾಮೂಲಿ ಕಂಪ್ಯೂಟರಿಗೆ ಕಲಿಸ್ದೆ."

"ಅಷ್ಟಕ್ಕೇ ಎರಡು ವರ್ಷ ಬೇಕಾಯ್ತೇನೆ?"

"ಅದರೊಳಗೆ ಎಂಟು ಕೋರ್ ಇದ್ವು, ಎಂಟು ಆಳು ಇದ್ದಂಗೆ. ಎಂಟೂ ಹಚ್ಚಿದ್ರೂ ಕೆಲ್ಸ ಎರಡರಷ್ಟೂ ಆಗ್ಲಿಲ್ಲ. ಒಂದು ಎತ್ಕೊಳ್ಳೋದು, ಇನ್ನೊಂದು ದಾರಿ ನೋಡೋದು, ಮತ್ತೊಂದು ಆಚೆ ಕಳಿಸೋದು ಅಂತ ಹಂಚಿದ್ದೆ. ಕೈ ಬದಲಾಯ್ಸೋದ್ರಲ್ಲೇ, ಕಾಯೋದ್ರಲ್ಲೇ ಹೊತ್ತು ಹೋಗೋದು. ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಸಾಲು ಕೊಟ್ಬುಟ್ಟೆ. ಎತ್ಕೊಂಡಿದ್ದೇ ಕೊನೇಗಂಟ ಮುಗಿಸ್ಲಿ ಅಂತ. ಆಗ ಓಡ್ತು ನೋಡು."

ನನ್ನ ಕೈ ಹುಳಿನೀರಿನಲ್ಲೇ ನಿಂತಿತು. ಈ ಮಾತನ್ನು ನಾನು ಹಿಂದೆಯೇ ಕೇಳಿದ್ದೆ. ಹೇಳಿದವಳನ್ನು ಬೈದೂ ಇದ್ದೆ.

ಆಗಿನ್ನೂ ಪವಿತ್ರ ಹುಟ್ಟಿರಲಿಲ್ಲ. ಶಿವರಾತ್ರಿ ಕಳೆದರೆ ನಮ್ಮ ಹಜಾರದ ತುಂಬ ಹುಣಸೆಹಣ್ಣು. ಹಿರಿಸೊಸೆಯಾದ್ದರಿಂದ ಮೇಸ್ತ್ರಿತನ ನನ್ನದು. ಬೇರೆ ಯೋಗ್ಯತೆಯೇನೂ ಇರಲಿಲ್ಲ. ಒಬ್ಬಳು ಬಡಿದು ಓಡು ಬಿಡಿಸಬೇಕು, ಒಬ್ಬಳು ನಾರು ಎಳೆಯಬೇಕು, ನನ್ನ ಓರಗಿತ್ತಿ ಗಂಗಮ್ಮ ಬೀಜ ತೆಗೆಯಬೇಕು, ಇನ್ನೊಬ್ಬಳು ಬುಟ್ಟಿಗೆ ಒತ್ತಬೇಕು. ಸಾಗಲಿಲ್ಲವೆಂದು ಇನ್ನಿಬ್ಬರನ್ನು ಕೂರಿಸಿದೆ. ಮೊಣಕೈ ತಾಕುವುದು ಹೆಚ್ಚಾಯಿತು, ಮಾತೂ ಹೆಚ್ಚಾಯಿತು. ಗುಡ್ಡೆ ಮಾತ್ರ ಗಂಗಮ್ಮನ ಮುಂದೆಯೇ ಬೆಳೆಯುತ್ತಿತ್ತು. ಉಳಿದವರು ಕೈ ಕಟ್ಟಿ ಕೂತು, "ಗಂಗಮ್ಮನ ತಾವ ಬೀಜ ಮೊಳಕೆ ಒಡೀತವೆ ಕಣ್ರೇ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಂದು ದಿನ ಅವಳೆಂದಳು: "ಅಕ್ಕಯ್ಯ, ಒಬ್ಬೊಬ್ರಿಗೂ ಒಂದೊಂದು ಗುಡ್ಡೆ ಹಾಕ್ಬುಡು. ಅವ್ರವ್ರದ್ದು ಅವ್ರೇ ಪೂರ್ತಿ ಮುಗಿಸ್ಲಿ."

"ಇವತ್ತು ಗುಡ್ಡೆ ಬೇರೆ ಕೇಳ್ತೀಯ, ನಾಳೆ ಒಲೆ ಬೇರೆ ಕೇಳ್ತೀಯ" ಎಂದೆ, ಎಲ್ಲರೆದುರಿಗೆ.

ಕೂಡಿ ಬಾಳುವ ಮನೆಯಲ್ಲಿ ಅದು ಆಡಬಾರದ ಮಾತು. ಅವಳು ಕೈ ತೊಳೆದು ಎದ್ದಳು. ಯುಗಾದಿಗೆ ಮುಂಚೆ ಒಲೆ ಬೇರೆಯೇ ಆಯಿತು. ಹಿಂದಿನ ಬೀದಿಗೆ ಹೋದವಳು ಮದುವೆಗೆ ಬಂದಳು, ಸಾವಿಗೆ ಬಂದಳು. ನಮ್ಮ ಮನೆಯಲ್ಲಿ ಊಟಕ್ಕೆ ಮಾತ್ರ ಕೂರಲಿಲ್ಲ.

ಇವತ್ತು ಕೈ ಸೆರಗಿಗೆ ಒರೆಸಿಕೊಂಡು ಅವಳ ಬಾಗಿಲಿಗೆ ಹೋದೆ. "ಗಂಗಮ್ಮ, ಅವತ್ತು ನೀನ್ ಹೇಳಿದ್ದೇ ಸರಿ ಕಣೇ. ಪವಿತ್ರನ ಕಂಪ್ಯೂಟರೇ ಒಪ್ಕೊಂಡೈತೆ."

"ಕಂಪ್ಯೂಟ್ರು ಒಪ್ಕೊಳೋಗಂಟ ಕಾದ್ಯಾ ಅಕ್ಕಯ್ಯ?" ಎಂದು ನಕ್ಕಳು. ಆಮೇಲೆ ತನ್ನ ಬೆರಳು ನೋಡಿಕೊಂಡು ಮೆಲ್ಲಗೆ ಹೇಳಿದಳು: "ಕೆಲ್ಸ ಬೇಗ ಆಗ್ಲಿ ಅಂತ ನಾನ್ ಕೇಳಿದ್ದಲ್ಲ. ಬೆರಳೆಲ್ಲ ಒಡೆದಿದ್ವು. ಹುಳಿ ತಾಕಿದ್ರೆ ಉರಿಯೋದು, ಕೈ ಓಡ್ತಿರ್ಲಿಲ್ಲ. ನನ್ನಿಂದ ಯಾರೂ ಕಾಯೋದು ಬ್ಯಾಡ ಅಂತ ಕೇಳ್ದೆ."

ದಿನವೆಲ್ಲ ಅವಳೆದುರೇ ಕೂತಿದ್ದವಳು ನಾನು. ಗುಡ್ಡೆ ಎಷ್ಟು ಕರಗಿತೆಂದು ಗಳಿಗೆಗೊಮ್ಮೆ ನೋಡುತ್ತಿದ್ದೆ. ಬೆರಳು ನೋಡಿದ ನೆನಪಿಲ್ಲ.

"ಊಟಕ್ಕೆ ಬಾ" ಎಂದೆ.

"ಮಗಾ ಪಾಸಾಗೈತೆ ಅಂತ ಬತ್ತೀನಿ. ನೀನ್ ಕರೆದೆ ಅಂತಲ್ಲ."

ಸಂಜೆ ಎಲ್ಲರೂ ಸಾಲಾಗಿ ಎಲೆ ಮುಂದೆ ಕೂತೆವು: ಮಗ, ಸೊಸೆ, ಪವಿತ್ರ, ನಾನು, ನನ್ನ ಪಕ್ಕದಲ್ಲಿ ಗಂಗಮ್ಮ. ಅವಳ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಒಬ್ಬಟ್ಟು ಮುರಿಯುವುದಕ್ಕೂ ಹೊತ್ತು ಹಿಡಿಯುತ್ತಿತ್ತು. ನಮ್ಮದೆಲ್ಲ ಮುಗಿಯಿತು. "ಏಳ್ರಪ್ಪಾ, ನಂದು ತಡ ಆಯ್ತದೆ" ಎಂದಳು. ಒಬ್ಬರದು ಉಳಿದಿರುವಾಗ ಸಾಲಿನಿಂದ ಏಳುವ ಪದ್ಧತಿ ನಮ್ಮಲ್ಲಿಲ್ಲ. ಎಂಜಲು ಕೈ ಒಣಗಿಸಿಕೊಂಡು ಎಲ್ಲರೂ ಕೂತೇ ಇದ್ದೆವು. ಅವಳು ನಿಧಾನಕ್ಕೆ ಉಂಡಳು.